ಕೊಟ್ಟಿಗೆಯಲ್ಲಿ ಸಿಕ್ಕ ಪಿಎಚ್.ಡಿ. ವಿಷಯ

ನಲವತ್ನಾಲ್ಕನೆಯ ವಯಸ್ಸಿನಲ್ಲಿ ಪಿಎಚ್.ಡಿ. ಮಾಡಲು ಹೊರಟ ನಾನು ಮೊಟ್ಟಮೊದಲು ಮಾಡಿಸಿದ್ದು ನಾಮಫಲಕ. ರಾಬರ್ಟ್‌ಸನ್‌ಪೇಟೆಯಲ್ಲಿ ಬೋರ್ಡು ಬರೆಯುವವರ ಹತ್ತಿರ ಹೋಗಿ, ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರಗಳಲ್ಲಿ ‘ಡಾ. ನಾರಾಯಣಸ್ವಾಮಿ’ ಎಂದು ಬರೆಸಿಕೊಂಡು ಮನೆಗೆ ಬಂದೆ. ಪ್ರವೇಶ ಪರೀಕ್ಷೆ ಪಾಸಾಗಿತ್ತು. ಸೀಟು ಸಿಕ್ಕಿತ್ತು. ಮಾರ್ಗದರ್ಶಕರೂ ಸಿಕ್ಕಿದ್ದರು. ಇನ್ನು ಬಾಕಿ ಉಳಿದಿದ್ದು ಎರಡೇ ಎರಡು ಸಣ್ಣ ಕೆಲಸ: ವಿಷಯ ಆರಿಸುವುದು ಮತ್ತು ಪ್ರಬಂಧ ಬರೆಯುವುದು!

ನನ್ನ ಹೆಂಡತಿ ರತ್ನಮ್ಮ ಬೋರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಏನಿದು? ಇನ್ನೂ ಅಕ್ಕಿನೇ ತೊಳ್ದಿಲ್ಲ, ಆಗ್ಲೇ ಎಲೆ ಆಕಿ ನೀರು ಚಿಮುಕಿಸ್ಬುಟ್ರಾ?”

“ವಿಷಯ ಒಂದು ಸಿಕ್ಕರೆ ಮುಗಿಯಿತು ಕಣೇ. ವಿಷಯಕ್ಕೇನು ಬರವೇ!” ಎಂದೆ ಗಂಭೀರವಾಗಿ.

ಗೋಡೆಗೆ ಮೊಳೆ ಹೊಡೆದರೆ ಗಾರೆ ಉದುರುತ್ತದೆ ಎಂದು ಅವಳು ಬೋರ್ಡನ್ನು ಕೊಟ್ಟಿಗೆಯಲ್ಲಿ ಮೊದಲೇ ಇದ್ದ ಮೊಳೆಗೆ ತಗುಲಿಹಾಕಿದಳು. ಡಾಕ್ಟರಾಗುವವರೆಗೆ ಅಲ್ಲೇ ಇರಲಿ, ದೂಳು ಹಿಡಿಯುವುದಿಲ್ಲ ಎಂದಳು. ನಮ್ಮ ಕೊಟ್ಟಿಗೆಯಲ್ಲಿ ಗೌರಿ ಎಂಬ ಒಂದು ಸೀಮೆ ಹಸು, ಹೆಸರೇ ಇಲ್ಲದ ಒಂದು ಎಮ್ಮೆ ಇವೆ. ಬೋರ್ಡು ಸರಿಯಾಗಿ ಎಮ್ಮೆಯ ತಲೆಯ ಮೇಲೆ ಬಂತು.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನಾನು ಕೋಲಾರದ ಚಿನ್ನದ ಗಣಿಯ ಪಕ್ಕದ ರಾಬರ್ಟ್‌ಸನ್‌ಪೇಟೆಯ ಒಂದು ಕಾಲೇಜಿನಲ್ಲಿ ಹದಿನೆಂಟು ವರ್ಷಗಳಿಂದ ಕನ್ನಡ ಮೇಷ್ಟ್ರು. ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ದಿನಾ ಮಾರಿಕುಪ್ಪಂ ರೈಲು ಹಿಡಿದು ಹೋಗಿ ಬರುತ್ತೇನೆ. ಈಚೆಗೆ ಕಾಲೇಜಿಗೆ ಬಂದ ಚಿಕ್ಕ ವಯಸ್ಸಿನವರೆಲ್ಲ ಡಾಕ್ಟರುಗಳು. ಸ್ಟಾಫ್ ರೂಮಿಗೆ ಟೀ ಬಂದರೆ ಮೊದಲು ‘ಡಾಕ್ಟ್ರೇ, ತಗೊಳ್ಳಿ’ ಎಂದು ಅವರಿಗೆಲ್ಲ ಕೊಟ್ಟು, ಆಮೇಲೆ ಉಳಿದವರಿಗೆ ಕೊಡುತ್ತಾರೆ. ಉಳಿದವರು ಎಂದರೆ ನಾನು! ತಣ್ಣಗಾದ ಟೀ ಕುಡಿದೂ ಕುಡಿದೂ ನನ್ನೊಳಗೆ ಸಂಶೋಧನೆಯ ಕಿಚ್ಚು ಹತ್ತಿತು. ತಮಾಷೆ ಅಲ್ಲ, ನನಗೆ ನಿಜವಾಗಿಯೂ ‘ಡಾ.’ ಎಂಬ ಆ ಒಂದಕ್ಷರ ಬೇಕಾಗಿತ್ತು.

ನನ್ನ ಮಾರ್ಗದರ್ಶಕರು ಬೆಂಗಳೂರಿನಲ್ಲಿ ಭಾಷಾ ವಿಜ್ಞಾನ ಕಲಿಸುವ ಒಬ್ಬ ಮೇಡಂ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕನ್ನಡಕದ ಮೇಲಿಂದ ನೋಡಿದರೆ ನಮ್ಮಜ್ಜಿಗಿಂತ ದೊಡ್ಡವರು. ಮೊದಲ ಭೇಟಿಗೆ ನಾನು ಏಳು ವಿಷಯಗಳನ್ನು ಟೈಪು ಮಾಡಿಸಿಕೊಂಡು ಹೋಗಿದ್ದೆ. ಚಿನ್ನದ ಗಣಿಯ ಹಾಡುಗಳು, ಚಿನ್ನದ ಗಣಿಯ ದೇವರುಗಳು, ಚಿನ್ನದ ಗಣಿಯ ಬೈಗುಳಗಳು, ಹೀಗೆ ಆರು. ಏಳನೆಯದು ಸ್ವಲ್ಪ ಬದಲಾವಣೆ ಇರಲಿ ಎಂದು, ‘ಚಿನ್ನವಿಲ್ಲದ ಚಿನ್ನದ ಗಣಿ’.

ಮೇಡಂ ಓದಿ, ಹಿಂದಿನ ಕಪಾಟಿನ ಕಡೆ ಬೆರಳು ತೋರಿಸಿದರು. “ಆ ಮೇಲಿನ ಸಾಲು ನೋಡಿ ನಾರಾಯಣಸ್ವಾಮಿಯವರೇ. ಅದರ ಕೆಳಗಿನ ಸಾಲೂ ನೋಡಿ.”

ನೋಡಿದೆ. ಎಲ್ಲಾ ಚಿನ್ನ! ನಮ್ಮೂರ ನೆಲದಲ್ಲಿ ಚಿನ್ನ ತೆಗೆಯುವುದು ನಿಂತುಹೋದರೂ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ನಿಂತಿರಲಿಲ್ಲ.

“ಮುಂದಿನ ತಿಂಗಳ ಮೊದಲನೇ ಸೋಮವಾರ ಸಮಿತಿ ಸೇರುತ್ತೆ. ಅಷ್ಟರಲ್ಲಿ ಹೊಸ ವಿಷಯ ತರದೇ ಇದ್ರೆ ನಿಮ್ಮ ಸೀಟು ಕಾಯ್ತಾ ಇರೋರಿಗೆ ಹೋಗುತ್ತೆ. ನೀವು ದಿನಾ ನೋಡೋದು, ಆದರೆ ಯಾರೂ ಬರೆಯದೇ ಇರೋದು ಏನಾದ್ರೂ ಇರಬೇಕಲ್ಲ? ಹುಡುಕಿ” ಎಂದರು.

ಅಂದಿನಿಂದ ನಾನು ದಿನಾ ನೋಡುವುದನ್ನೆಲ್ಲ ಸಂಶೋಧಕನ ಕಣ್ಣಿನಿಂದ ನೋಡಲು ಶುರುಮಾಡಿದೆ. ಇದು ಅಪಾಯದ ಕೆಲಸ. ರೈಲಿನಲ್ಲಿ ಹೂವಿನ ಬುಟ್ಟಿಯ ಹೆಂಗಸನ್ನು ಐದು ನಿಮಿಷ ತದೇಕಚಿತ್ತನಾಗಿ ನೋಡಿದ್ದಕ್ಕೆ ಅವರು, “ಎನ್ನಾ ಸಾರ್, ಅಪ್ಡಿ ಪಾಕ್ಕುರೀಂಗೋ? ಊವ ಬೇಕಾ, ಬ್ಯಾಡ್ವಾ?” ಎಂದು ತಮಿಳು ಕನ್ನಡ ಬೆರೆಸಿ, ಯಾಕೆ ಹಾಗೆ ನೋಡುತ್ತೀರೆಂದು ಇಡೀ ಬೋಗಿಗೆ ಕೇಳುವಂತೆ ಗದರಿಸಿದರು. ಮರ್ಯಾದೆ ಉಳಿಸಿಕೊಳ್ಳಲು ಎರಡು ಮೊಳ ಮಲ್ಲಿಗೆ ಕೊಂಡೆ. ಮನೆಗೆ ತಂದರೆ ರತ್ನಮ್ಮ ಹೂವನ್ನಲ್ಲ, ನನ್ನ ಮುಖವನ್ನು ನೋಡಿದಳು.

“ಇಷ್ಟು ವರ್ಸದಾಗೆ ಇಲ್ದಿದ್ದು ಇವತ್ತೇನು? ಏನ್ ತೆಪ್ಪು ಮಾಡ್ಕೊಂಡು ಬಂದ್ರಿ, ಮೊದ್ಲು ಯೋಳಿ.”

ಆಮೇಲೆ ಬಂಗಾರಪೇಟೆಯ ಪಾನಿಪುರಿಯ ಕಡೆ ತಿರುಗಿದೆ. ನಮ್ಮಲ್ಲಿ ಪಾನಿ ಬಾವಿಯ ನೀರಿನಷ್ಟು ತಿಳಿಯಾಗಿರುತ್ತದೆ, ಖಾರ ಮಾತ್ರ ಕಣ್ಣಿಗೆ ಕಾಣದೆ ನೆತ್ತಿಗೆ ಏರುತ್ತದೆ. ಇದರ ಮೇಲೆ ಯಾರೂ ಬರೆದಿಲ್ಲ ಎಂದು ಮೂರು ಸಂಜೆ ಮೂರು ಅಂಗಡಿಗಳಲ್ಲಿ ಪ್ರಾಥಮಿಕ ಅಧ್ಯಯನ ನಡೆಸಿದೆ. ನಾಲ್ಕನೆಯ ದಿನ ಅಧ್ಯಯನ ಮನೆಯಲ್ಲೇ ಮುಂದುವರಿಯಿತು. ಬೆಳಗಿನಿಂದ ಹತ್ತು ಸಲ ಕಕ್ಕಸಿನ ಬಾಗಿಲು ಹಾಕಿಕೊಂಡೆ!

ಸಮಿತಿಗೆ ಇನ್ನು ಒಂದೇ ವಾರ. ಅಂಥ ಒಂದು ಬೆಳಿಗ್ಗೆ ಸುಸ್ತಾಗಿ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆ. ಕೊಟ್ಟಿಗೆಯೊಳಗಿಂದ ಜೇನಿನಂಥ ದನಿ ಕೇಳಿಸಿತು. “ರಾ ತಲ್ಲೀ, ನಾ ಬಂಗಾರು ತಲ್ಲೀ, ಕಾಲು ಒಸಿ ಜರುಪು ತಲ್ಲೀ...”

ಬಾ ತಾಯಿ, ನನ್ನ ಚಿನ್ನದಂಥ ತಾಯಿ ಎಂದು ನನ್ನ ಮನೆಯಲ್ಲಿ ಇಷ್ಟು ಪ್ರೀತಿಯ ಮಾತು! ಇಣುಕಿ ನೋಡಿದರೆ ರತ್ನಮ್ಮ ಗೌರಿಯ ಹಾಲು ಹಿಂಡುತ್ತಿದ್ದಾಳೆ. ರತ್ನಮ್ಮನ ತವರು ಆಂಧ್ರದ ಗಡಿಯಾಚೆ. ಮದುವೆಯಾಗಿ ಬಂದಮೇಲೆ ನನ್ನ ಜೊತೆ ಕನ್ನಡ, ತವರಿನ ಫೋನು ಬಂದರೆ ತೆಲುಗು, ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಚೌಕಾಸಿಗೆ ತಮಿಳು. ಅದು ನಮ್ಮ ಕಡೆ ಎಲ್ಲರ ಮನೆಯ ಕಥೆ. ಆದರೆ ಹಸುವಿನ ಜೊತೆ?

“ಅದರ ಹತ್ತಿರ ಯಾಕೆ ತೆಲುಗು ಮಾತಾಡ್ತೀಯ?” ಎಂದು ಕೇಳಿದೆ.

“ಇದೇನು ಕೇಳ್ತೀರಿ? ಅಸು ಆಂಧ್ರದ ಪಲಮನೇರು ಕಡೆಯಿಂದ ಬಂದಿರೋದು. ಅದಕ್ಕೆ ಬರೋ ಬಾಸೆನಾಗೆ ತಾನೆ ಮಾತಾಡ್ಬೇಕು?”

ನಾನು ಮೆಟ್ಟಿಲಿನಿಂದ ಎದ್ದು ನಿಂತೆ. ಮೂರು ಭಾಷೆಗಳ ಊರಿನಲ್ಲಿ ಜನ ತಮ್ಮ ದನಗಳ ಜೊತೆ ಯಾವ ಭಾಷೆ ಆಡುತ್ತಾರೆ? ಮುದ್ದಿಗೆ ಯಾವುದು, ಬೈಗುಳಕ್ಕೆ ಯಾವುದು? ದಿನಾ ಕೇಳುವುದು, ಯಾರೂ ಬರೆಯದಿರುವುದು! ಓಡಿಹೋಗಿ ಮೇಡಂಗೆ ಫೋನು ಮಾಡಿದೆ. ‘ಕೋಲಾರ ಗಡಿಪ್ರದೇಶದ ಬಹುಭಾಷಿಕ ಕುಟುಂಬಗಳು ಜಾನುವಾರುಗಳೊಡನೆ ಬಳಸುವ ಭಾಷೆ’ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

“ಇದು ಹೊಸದು ನಾರಾಯಣಸ್ವಾಮಿಯವರೇ! ಒಂದಷ್ಟು ಮನೆಗಳ ಮಾಹಿತಿ ಸಂಗ್ರಹಿಸಿ. ಭಾನುವಾರ ನಾನೇ ಬಂದು ನೋಡ್ತೀನಿ. ಮಾಹಿತಿ ಗಟ್ಟಿಯಾಗಿದ್ರೆ ಸೋಮವಾರ ಸಮಿತಿಯಲ್ಲಿ ಇಡೋಣ. ಇಲ್ಲದಿದ್ರೆ ಕಷ್ಟ.”

ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೊರಳಿಗೆ ಕಾಲೇಜಿನ ಗುರುತಿನ ಚೀಟಿ ತೂಗುಹಾಕಿಕೊಂಡು, ರಟ್ಟಿಗೆ ಪ್ರಶ್ನಾವಳಿ ಸಿಕ್ಕಿಸಿ ಊರಿನ ಹಾಲಿನ ಡೇರಿಯ ಮುಂದೆ ನಿಂತೆ. ಇಡೀ ಊರು ಕ್ಯಾನು ಹಿಡಿದು ಅಲ್ಲೇ ಸೇರುತ್ತದೆ, ಮನೆಮನೆ ಅಲೆಯುವುದು ತಪ್ಪುತ್ತದೆ ಎಂಬುದು ನನ್ನ ವೈಜ್ಞಾನಿಕ ಯೋಜನೆ. ಆದರೆ ಒಂದು ಸಂಗತಿ ಮರೆತಿದ್ದೆ. ಹದಿನೈದು ದಿನದ ಹಿಂದಷ್ಟೇ ಹಸುಗಳ ಕಿವಿಗೆ ನಂಬರಿನ ಓಲೆ ಹಾಕುವ ಸರ್ಕಾರದವರು ಇದೇ ರೀತಿ ರಟ್ಟು ಹಿಡಿದು, ಕೊರಳಿಗೆ ಚೀಟಿ ಹಾಕಿಕೊಂಡು ಬಂದು ಹೋಗಿದ್ದರು. ಅದರ ಮೇಲೆ ನನ್ನ ಮೊದಲ ಪ್ರಶ್ನೆಯೇ ‘ಮನೆಯಲ್ಲಿರುವ ಹಸುಗಳ ಸಂಖ್ಯೆ’!

ಸಾಲಿನಲ್ಲಿ ಮೊದಲು ನಿಂತಿದ್ದವನು ಪಕ್ಕದ ಬೀದಿಯ ಮುನಿರಾಜ.

“ಹಸುವನ್ನು ಹತ್ತಿರಕ್ಕೆ ಕರೆಯಲು ಯಾವ ಭಾಷೆ ಬಳಸ್ತೀಯಪ್ಪ?”

“ಕನ್ನಡ ಮೇಷ್ಟ್ರೇ.”

“ಹಾಲು ಹಿಂಡುವಾಗ?”

“ಕನ್ನಡ.”

“ಹಸು ಒದ್ದರೆ?”

“ನಮ್ಮಸು ಒದಿಯಾಕಿಲ್ಲ. ಬರ್ಕೊಳಿ. ಅಂಗೇನಾರ ಒದ್ರೂ, ದಯಮಾಡಿ ಕಾಲು ಸರಿಸಮ್ಮಾ ಅಂತ ಯೋಳ್ತೀನಿ.”

ಹಿಂದಿನ ವಾರ ತಾನೆ ಈ ಮಹಾಶಯ ಅದೇ ಹಸುವನ್ನು ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಹೋಗುತ್ತಾ, ಅದರ ಅಜ್ಜಿಯ ಚಾರಿತ್ರ್ಯವನ್ನು ತೆಲುಗಿನಲ್ಲಿ ವಿವರಿಸಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೆ. ಆದರೆ ಸಂಶೋಧಕನಾದವನು ಮಾಹಿತಿದಾರರ ಮಾತನ್ನು ಗೌರವಿಸಬೇಕು ಎಂದು ಪುಸ್ತಕದಲ್ಲಿದೆ. ಬರೆದುಕೊಂಡೆ. ಹಿಂದಿದ್ದವರೂ ಅದನ್ನೇ ಹೇಳಿದರು. ಮೂವತ್ತೆಂಟು ಮನೆ, ಮೂವತ್ತೆಂಟೂ ಕನ್ನಡ!

ಡೇರಿಯ ಕಾರ್ಯದರ್ಶಿ ಮುನಿವೆಂಕಟಪ್ಪನವರು ಎಲ್ಲವನ್ನೂ ಗಮನಿಸುತ್ತಿದ್ದರು. ಕೆ.ಜಿ.ಎಫ್.ನ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದ ಅವರ ಮಾತೆಂದರೆ ಊರಿಗೆ ವೇದ. ಅವರು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು.

“ಮೇಷ್ಟ್ರೇ, ನಿಜ ಯೋಳಿ. ಯಾರಾನ ದೊಡ್ಡೋರು ಬತ್ತಾವ್ರಾ?”

“ನಾಳೆ ಬೆಂಗಳೂರಿಂದ ಮೇಡಂ ಬರ್ತಾರೆ” ಎಂದೆ. ನನ್ನ ಬಾಯಿಗೆ ಅಂದೇ ಬೀಗ ಹಾಕಬೇಕಿತ್ತು.

ಭಾನುವಾರ ಬೆಳಗಾಗುವಷ್ಟರಲ್ಲಿ ರತ್ನಮ್ಮ ಕಂಬಳಿ ಎಳೆದಳು. “ಎದ್ದೇಳಿ, ಎದ್ದೇಳಿ. ಬಾಗ್ಲಾಗೆ ಅಸು ಬಂದವೆ.”

“ಯಾರ ಹಸುವೇ?”

“ಊರಿನವೆಲ್ಲ!”

ಹೊರಗೆ ಬಂದು ನೋಡಿದೆ. ನಮ್ಮ ಮನೆಯಿಂದ ಡೇರಿಯವರೆಗೆ ಹಸುಗಳ ಸಾಲು. ಎಲ್ಲಕ್ಕೂ ಸ್ನಾನವಾಗಿದೆ. ಹಣೆಗೆ ಅರಿಸಿನ ಕುಂಕುಮ, ಕೆಲವಕ್ಕೆ ಕೊರಳಲ್ಲಿ ಚೆಂಡುಹೂವು. ಒಂದಕ್ಕಂತೂ ಪೌಡರು ಹಾಕಿದ್ದರೋ ಏನೋ, ಮೂಗಿನ ಸುತ್ತ ಬೆಳ್ಳಗಿತ್ತು. ಯಾವುದೋ ಯೋಜನೆ ಬಂದಿದೆ, ಹಸು ಹೆಚ್ಚಿದ್ದವರಿಗೆ ಹೆಚ್ಚು ಸಿಗುತ್ತದೆ ಎಂದು ಊರು ತಾನೇ ತೀರ್ಮಾನ ಮಾಡಿಕೊಂಡಿತ್ತು. ಎಡಗಿವಿ ಹರಿದ ಒಂದು ಹಸುವನ್ನು ಮೊದಲು ಮುನಿರಾಜ ತಂದು ತೋರಿಸಿದ. ಹತ್ತು ನಿಮಿಷ ಬಿಟ್ಟು ಅವನ ಅಣ್ಣ ತಂದ. ಮೂರನೆಯ ಸಲ ಅವರ ಚಿಕ್ಕಮ್ಮ ತರುವ ಹೊತ್ತಿಗೆ ಹಸುವಿಗೆ ದಾರಿ ಬಾಯಿಪಾಠವಾಗಿ, ತಾನೇ ಮುಂದೆ ಬಂದು ನನ್ನೆದುರು ನಿಂತಿತು!

“ಇದು ಸರ್ಕಾರದ್ದಲ್ಲ, ನನ್ನ ಓದಿನದ್ದು” ಎಂದು ಕೂಗಿ ಹೇಳಿದೆ. ಎಲ್ಲರೂ ‘ಗೊತ್ತು ಬುಡಿ ಮೇಷ್ಟ್ರೇ’ ಎಂದು ಕಣ್ಣು ಮಿಟುಕಿಸಿದರು.

ಅಷ್ಟರಲ್ಲಿ ಬಂಗಾರಪೇಟೆ ಸ್ಟೇಷನ್ನಿನಿಂದ ಮೇಡಂ ಇದ್ದ ಆಟೋ ಬಂದೇ ಬಿಟ್ಟಿತು. ಹಸುಗಳ ನಡುವೆ ಆಟೋಗೆ ಜಾಗವಿಲ್ಲ. ಮೇಡಂ ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದು ಬಂದರು. ಮುನಿವೆಂಕಟಪ್ಪನವರು ಹತ್ತಿರದ ಹಸುವಿನ ಕೊರಳಿನಿಂದಲೇ ಒಂದು ಹಾರ ತೆಗೆದು ಅವರಿಗೆ ಹಾಕಿ, “ಮೇಡಂ, ಡೇರಿ ಮುಂದೆ ಒಂದು ನೀರಿನ ತೊಟ್ಟಿ ಸ್ಯಾಂಕ್ಷನ್ ಮಾಡ್ಬುಡಿ” ಎಂದು ಅರ್ಜಿ ಕೈಗಿತ್ತರು. ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಹಸುವಿನ ಹಿಂದೆ ಸರಿದೆ.

ಜಗಲಿಯ ಮೇಲೆ ಕೂತು ಅವರು ನನ್ನ ಮೂವತ್ತೆಂಟು ಹಾಳೆಗಳನ್ನು ಓದಿದರು. ಕನ್ನಡ, ಕನ್ನಡ, ಕನ್ನಡ. ಓದುತ್ತಾ ಓದುತ್ತಾ ಮುಖ ಸಣ್ಣದಾಯಿತು.

“ಇದರ ಪ್ರಕಾರ ಇಲ್ಲಿ ಎಲ್ಲರೂ ಎಲ್ಲದಕ್ಕೂ ಒಂದೇ ಭಾಷೆ ಆಡ್ತಾರೆ. ಹಾಗಿದ್ರೆ ಸಂಶೋಧನೆ ಮಾಡೋಕೆ ಏನಿದೆ ನಾರಾಯಣಸ್ವಾಮಿಯವರೇ? ಸಮಿತಿಗೆ ಏನಂತ ಹೇಳಲಿ?”

ನನ್ನ ಕಣ್ಣ ಮುಂದೆ ತಣ್ಣಗಿನ ಟೀ ಲೋಟಗಳು ಸಾಲಾಗಿ ಬಂದವು. ಇನ್ನು ನಿವೃತ್ತಿಯವರೆಗೂ ಅದೇ ಗತಿ!

“ಮೇಡಂ, ಪ್ರಾತ್ಯಕ್ಷಿಕೆ ತೋರಿಸ್ತೀನಿ!” ಎಂದು ಎದ್ದೆ. ನಮ್ಮ ಗೌರಿಗೆ ತೆಲುಗು ಮಾತ್ರ ಅರ್ಥವಾಗುತ್ತದೆ ಎಂದು ಸಾಬೀತು ಮಾಡಿದರೆ ವಿಷಯ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಗೌರಿಯನ್ನು ಬಿಚ್ಚಿ ಅಂಗಳಕ್ಕೆ ತಂದು, ಹಗ್ಗವನ್ನು ಭದ್ರವಾಗಿರಲಿ ಎಂದು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಅದು ಮನೆಗೆ ಬಂದ ಈ ನಾಲ್ಕು ವರ್ಷದಲ್ಲಿ ನಾನು ಅದಕ್ಕೆ ಒಂದು ಹಿಡಿ ಹುಲ್ಲು ಹಾಕಿದವನಲ್ಲ.

“ಗೌರಿ, ಬಾ” ಎಂದೆ ಕನ್ನಡದಲ್ಲಿ. ಅದು ಅಲುಗಲಿಲ್ಲ. “ನೋಡಿದ್ರಾ ಮೇಡಂ? ಈಗ ನೋಡಿ” ಎಂದು ಗಂಟಲು ಸರಿಮಾಡಿಕೊಂಡು, ಪಾಠ ಹೇಳುವ ದನಿಯಲ್ಲಿ, “ರಾ ತಲ್ಲೀ!” ಎಂದೆ.

ಗೌರಿ ಒಮ್ಮೆ ನನ್ನನ್ನು ನೋಡಿತು. ಆಮೇಲೆ ಓಡಿತು. ನಾನೂ ಓಡಿದೆ. ಓಡದೆ ಬೇರೆ ದಾರಿ ಇರಲಿಲ್ಲ, ಹಗ್ಗ ಕೈಯಲ್ಲಿತ್ತು! ಅಂಗಳ ದಾಟಿ, ಸೌದೆಯ ರಾಶಿ ಸುತ್ತಿ, ಹಿತ್ತಲಿಗೆ ಬಂದು, ತಿಪ್ಪೆಯ ಪಕ್ಕ ಅದು ಚಕ್ಕನೆ ತಿರುಗಿತು. ಹಗ್ಗ ಮುಂಗೈಯಿಂದ ಬಿಚ್ಚಿಕೊಂಡಿತು, ನಾನು ತಿರುಗಲಿಲ್ಲ. ನೇರವಾಗಿ ಹೋದೆ. ಬಿಳಿ ಅಂಗಿ, ಗುರುತಿನ ಚೀಟಿ ಸಮೇತ ಸೊಂಟದವರೆಗೆ ಸಗಣಿಯಲ್ಲಿ ಸ್ಥಾಪನೆಯಾದೆ.

“ಆಗು ತಲ್ಲೀ, ಆಗು ನಾ ಬಂಗಾರು!” ಎಂದು ತೆಲುಗಿನಲ್ಲಿ ನಿಲ್ಲು ಎನ್ನುವ ರತ್ನಮ್ಮನ ದನಿ ಬಂತು. ಗೌರಿ ಗಕ್ಕನೆ ನಿಂತು ಅವಳ ಕೈ ನೆಕ್ಕತೊಡಗಿತು. ರತ್ನಮ್ಮ ಅದರ ಮೈ ತಡವಿ, ಪೆಟ್ಟಾಯಿತೇ ಎಂದು ಕಾಲು ಮುಟ್ಟಿ ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು. “ನೀವೇನು ಅಲ್ಲೇ ಕುಂತಿರ್ತೀರಾ?”

ಮೇಡಂ ಜಗಲಿಯಿಂದ ಇಳಿದು ಬಂದಿದ್ದರು. ನನ್ನನ್ನು ಎತ್ತಲು ಎಂದುಕೊಂಡು ಕೈ ಚಾಚಿದೆ. ಅವರು ನನ್ನನ್ನು ದಾಟಿ ರತ್ನಮ್ಮನ ಹತ್ತಿರ ಹೋದರು.

“ಅಮ್ಮಾ, ನಿಮ್ಮ ಹಸುವಿನ ಹತ್ತಿರ ಹೀಗೇ ಮಾತಾಡ್ತೀರಾ? ಊರಿನವರೆಲ್ಲ ಹೇಗೆ?”

“ಊರಿನೋರಾ? ಬನ್ನಿ ಮೇಡಂ, ಒಳಗೆ ನೆಳ್ಳಾಗೆ ಕುಂತ್ಕೊಳಿ. ಇವ್ರು ಬರ್ಕೊಂಡಿರೋದು ಒಂದೂ ನಿಜ ಅಲ್ಲ.”

ನಾನು ಕೊಳಾಯಿಯ ಕೆಳಗೆ ಕೂತು ನಾಲ್ಕು ಸಲ ಸೋಪು ಹಾಕಿ ತೊಳೆದುಕೊಂಡು ಬರುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಅಧ್ಯಯನ ಮುಕ್ತಾಯದ ಹಂತಕ್ಕೆ ಬಂದಿತ್ತು. ರತ್ನಮ್ಮ ಬೂಸಾ ಕಲಸುತ್ತಾ ಹೇಳುತ್ತಿದ್ದಳು, ಮೇಡಂ ಮಗುಚಿದ ಬಕೆಟ್ಟಿನ ಮೇಲೆ ಕೂತು ಬರೆಯುತ್ತಿದ್ದರು.

“ಮುನಿರಾಜ ಮುದ್ದು ಮಾಡಾದು ಕನ್ನಡ, ಬೈಯಾದು ತೆಲುಗು. ಅವ್ರ ಚಿಕ್ಕಮ್ಮ ಅದ್ಕೆ ಉಲ್ಟಾ. ಮುನಿವೆಂಕಟಪ್ಪಣ್ಣ ಫ್ಯಾಕ್ಟ್ರಿಯಾಗೆ ಇದ್ರಲ್ಲ, ಅವ್ರು ಅಸುಗೆ ‘ಸುಮ್ಮಾ ನಿಲ್ಲು’ ಅಂತ ತಮಿಳ್ನಾಗೆ ಗದರಿಸ್ತಾರೆ. ಕರು ಆಕ್ದಾಗ ಮಾತ್ರ ಕನ್ನಡ.”

ಬಾಗಿಲಲ್ಲಿ ನಿಂತಿದ್ದ ಮುನಿವೆಂಕಟಪ್ಪನವರು ತಲೆ ಕೆರೆದುಕೊಂಡರು. “ಇದೆಲ್ಲ ಮೊದ್ಲೇ ಯೋಳ್ಬೋದಿತ್ತಲ್ಲ ಅಂತ ಬೈಬೇಡಿ ಮೇಡಂ. ಮೇಷ್ಟ್ರು ರಟ್ಟು ಇಡ್ಕೊಂಡು ನಿಂತಿದ್ರು. ಕನ್ನಡ ಅಂದ್ರೇನೇ ಪಾಸು ಮಾಡೋದು ಅಂದ್ಕಂಡ್ವಿ.”

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ತಲೆಯೆತ್ತಿ ಎಮ್ಮೆಯ ಮೇಲಿದ್ದ ಬೋರ್ಡನ್ನು ಓದಿದರು. ಬೋರ್ಡು ನೋಡಿದರು, ಎಮ್ಮೆ ನೋಡಿದರು, ಒದ್ದೆ ತಲೆಯ ನನ್ನನ್ನು ನೋಡಿದರು.

“ಇದರ ಹತ್ತಿರ ಹೇಗೆ ಮಾತಾಡ್ತೀರಿ ರತ್ನಮ್ಮ?”

“ಅದಕ್ಕೆ ಬಾಸೆ ಏನೂ ಬ್ಯಾಡ ಮೇಡಂ. ‘ಓಯ್’ ಅಂದ್ರೆ ತಲೆ ಎತ್ತದೆ. ಇನ್ನೊಂದು ದಪ ‘ಓಯ್’ ಅಂದ್ರೆ ಬತ್ತದೆ. ಮೂರ್ನೇ ದಪಕ್ಕೆ ನಾನೇ ಓಗ್ಬೇಕು.”

“ಮತ್ತೆ ಮೇಷ್ಟ್ರನ್ನ?”

ರತ್ನಮ್ಮನ ಕೈ ಬೂಸಾದಲ್ಲೇ ನಿಂತಿತು. ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಅವಳು ಸೆರಗಿನಿಂದ ನಗು ಮುಚ್ಚಿಕೊಂಡು, “ಸುಳ್ಳು ಯಾಕೆ ಯೋಳ್ಲಿ ಮೇಡಂ? ಜನ ಇದ್ರೆ ‘ಏನ್ರೀ’. ಇಲ್ದಿದ್ರೆ... ಅಂಗೇ” ಎಂದಳು. ಮೇಡಂ ಅದನ್ನೂ ಬರೆದುಕೊಂಡರು.

ಸೋಮವಾರ ಸಮಿತಿಯ ಮುಂದೆ ನಾನು ನಿಂತೆ, ರತ್ನಮ್ಮನ ಮಾತುಗಳು ಕೋಷ್ಟಕವಾಗಿ ಗೋಡೆಯ ಮೇಲೆ ಮೂಡಿದವು. ಹಿರಿಯರೊಬ್ಬರು ಕೊನೆಯ ಸಾಲಿನ ಹತ್ತಿರ ತಡೆದರು. ‘ಎಮ್ಮೆ ಮತ್ತು ಪತಿ’ ಎಂದು ಅಲ್ಲಿ ಒಟ್ಟಿಗೇ ಇತ್ತು. “ಈ ಮಾಹಿತಿ ಖಚಿತವೇ?” ಎಂದು ಕೇಳಿದರು. “ಸ್ವಾನುಭವ ಸಾರ್” ಎಂದೆ. ಇಡೀ ಸಮಿತಿ ಮೇಜು ಕುಟ್ಟಿ ನಕ್ಕಿತು. ವಿಷಯಕ್ಕೆ ಒಪ್ಪಿಗೆ ಸಿಕ್ಕಿತು! ಒಂದೇ ಷರತ್ತು: ಕ್ಷೇತ್ರಕಾರ್ಯಕ್ಕೆ ನಾನು ಒಬ್ಬನೇ ಹೋಗಕೂಡದು, ಮನೆಯವರನ್ನು ಕರೆದುಕೊಂಡೇ ಹೋಗಬೇಕು.

ಖುಷಿ ತಡೆಯಲಾರದೆ ರೈಲು ಹತ್ತಿದೆ. ಹೂವಿನ ಬುಟ್ಟಿಯವರನ್ನು ಹುಡುಕಿ, ಈ ಸಲ ನಾನಾಗಿಯೇ ನಾಲ್ಕು ಮೊಳ ಮಲ್ಲಿಗೆ ಕೊಂಡೆ. ಮನೆಗೆ ಬಂದು ಸುದ್ದಿ ಹೇಳಿದರೆ ರತ್ನಮ್ಮ ಅರ್ಧ ಹೂವನ್ನು ತಾನು ಮುಡಿದು, ಉಳಿದರ್ಧವನ್ನು ಗೌರಿಯ ಕೊರಳಿಗೆ ಕಟ್ಟಲು ಹೋದಳು. ಹೋಗುವ ಮುಂಚೆ ಹೊಗೆಯಾಡುವ ಟೀ ತಂದು ನನ್ನ ಕೈಗಿಟ್ಟಳು. ಡಾಕ್ಟರುಗಳಿಗಿಂತ ಮೊದಲು ನನಗೆ ಸಿಕ್ಕ ಬಿಸಿ ಟೀ! ನಾನು ಜಗಲಿಯ ಮೇಲೆ ಕಾಲು ಚಾಚಿ, ಅರ್ಧ ಡಾಕ್ಟರನಾದವನ ಗತ್ತಿನಿಂದ ಲೋಟವನ್ನು ಬಾಯಿಯ ಹತ್ತಿರ ತಂದೆ.

“ಓಯ್!” ಎಂದು ಕೊಟ್ಟಿಗೆಯಿಂದ ಕೂಗು ಬಂತು.

ಬೋರ್ಡಿನ ಕೆಳಗೆ ಎಮ್ಮೆ ತಲೆಯೆತ್ತಿತು. ಜಗಲಿಯ ಮೇಲೆ ನಾನೂ ತಲೆಯೆತ್ತಿದೆ.

“ಓಯ್!”

ಟೀ ಕೆಳಗಿಟ್ಟು ಓಡಿದೆ. ಎಮ್ಮೆಯನ್ನು ಕಟ್ಟಿಹಾಕಲಾಗಿತ್ತು, ಹಾಗಾಗಿ ಮೊದಲು ಮುಟ್ಟಿದವನು ನಾನೇ.